ಪಕ್ಕದ ಮನೆಯ ಲೈಸೆನ್ಸು

ಏನೇನು ಕೆಡಬಹುದಿತ್ತು ಅನ್ನುವುದನ್ನು ಮೊದಲು ಹೇಳಿ ಮುಗಿಸುತ್ತೇನೆ. ಆಧಾರ್ ಕಾರ್ಡಿನಲ್ಲಿ ನನ್ನ ಹೆಸರು ಒಂದು ಥರ ಇದೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಇವರು ಇಬ್ಬರು ಬೇರೆ ಬೇರೆ ಹೆಂಗಸರು ಎಂದು ಅರ್ಜಿ ವಾಪಸ್ಸು ಬರಬಹುದಿತ್ತು. ಫೋಟೋದಲ್ಲಿ ದುಪಟ್ಟಾ ಕಿವಿ ಮುಚ್ಚಿದೆ ಅಂತ ತಕರಾರು ತೆಗೆಯಬಹುದಿತ್ತು. ನಮ್ಮದು ಬಾಡಿಗೆ ಮನೆ. ಓನರ್ ಸಹಿ ಹಾಕಲ್ಲ ಅನ್ನಬಹುದಿತ್ತು, ಇಲ್ಲವೇ ಸಹಿ ಹಾಕಿ ಮರುದಿನವೇ ಮನೆ ಖಾಲಿ ಮಾಡಿ ಅನ್ನಬಹುದಿತ್ತು. ರಕ್ತ ಪರೀಕ್ಷೆಯಲ್ಲಿ, ಸುಮ್ಮನಿದ್ದಿದ್ದರೆ ಗೊತ್ತೇ ಆಗದಿದ್ದ ಕಾಯಿಲೆಯೊಂದು, ಲೈಸೆನ್ಸು ಕೇಳಲು ಹೋದ ತಪ್ಪಿಗೆ ಹೊರಬೀಳಬಹುದಿತ್ತು. ಓಟಿಪಿ ಬರುವುದು ನಮ್ಮನೆಯವರ ಫೋನಿಗೆ; ಆ ಫೋನು ಚಾರ್ಜ್ ಇಲ್ಲದೆ ಸತ್ತಿರಬಹುದಿತ್ತು. ತಪಾಸಣೆಗೆ ಸಾಹೇಬರು ಬಂದ ಗಳಿಗೆಯಲ್ಲೇ ಬೀದಿಯ ಬೆಕ್ಕು ಮೈದಾ ಡಬ್ಬದ ಮೇಲೆ ಕಾಲು ನೆಕ್ಕುತ್ತಾ ಕೂತಿರಬಹುದಿತ್ತು. ಟೇಬಲ್ಲು ಚರಂಡಿ ಪಕ್ಕ ಸಿಗಬಹುದಿತ್ತು. ಗಾಳಿಗೆ ಛತ್ರಿ ಹಾರಬಹುದಿತ್ತು. ಸಮೋಸದ ಎಣ್ಣೆ ಸಿಡಿಯಬಹುದಿತ್ತು. ಒಬ್ಬರೂ ಬರದೇ ಇರಬಹುದಿತ್ತು. ಎಲ್ಲರೂ ಬಂದು, ಅರ್ಧ ಗಂಟೆಯಲ್ಲಿ ಖಾಲಿಯಾಗಿ, ಉಳಿದವರು ಬೈದುಕೊಂಡು ಹೋಗಬಹುದಿತ್ತು.

ಇದಿಷ್ಟನ್ನೂ ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಒಂದೂ ಆಗಲಿಲ್ಲ. ಆದದ್ದು ಆ ಹಾಳೆಯಲ್ಲಿ ಇರಲಿಲ್ಲ.

ನನ್ನ ಚಿಂತೆಯ ಸ್ವಭಾವ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಮುಚ್ಚಿಟ್ಟದ್ದು ಹೊಟ್ಟೆಕಿಚ್ಚನ್ನು. ಅದನ್ನು ಈಗ ಹೇಳುತ್ತೇನೆ.

ತುಮಕೂರಿನ ಬಟವಾಡಿಯಲ್ಲಿ, ಹೈವೇಯಿಂದ ಒಳಕ್ಕೆ ಎರಡನೇ ಬೀದಿಯಲ್ಲಿ, ಒಬ್ಬರೇ ಓನರಿನ ಎರಡು ಮನೆಗಳು ಒಂದೇ ಕಾಂಪೌಂಡಿನೊಳಗಿವೆ. ನಡುವೆ ಸೊಂಟದೆತ್ತರದ ಗೋಡೆ. ಈ ಕಡೆ ನಾನು ಮತ್ತು ನಮ್ಮನೆಯವರು. ಅವರದು ಹೊಲಿಗೆ ಮಿಷನ್ ರಿಪೇರಿ ಅಂಗಡಿ. ಹೆಣ್ಣುಮಕ್ಕಳಿಬ್ಬರದೂ ಮದುವೆಯಾಗಿದೆ, ದೊಡ್ಡವಳು ಶೆಟ್ಟಿಹಳ್ಳಿಯಲ್ಲೇ ಇದ್ದಾಳೆ. ಗೋಡೆಯ ಆ ಕಡೆ ಅವಳು. ಚೇಳೂರಿನ ಹತ್ತಿರದ ಹಳ್ಳಿಯವಳು, ತೆಂಗಿನ ತೋಟದ ಮನೆಯಲ್ಲಿ ಹುಟ್ಟಿದವಳು, ಗಂಡನಿಗೆ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬಂದು ಆರು ವರ್ಷವಾಯಿತು. ಬಂದ ದಿನವೇ ನನ್ನನ್ನು ಅಕ್ಕಾ ಅಂದಳು. ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಬೀದಿಗೆಲ್ಲ ತೋರಿಸಿಕೊಂಡು ಖುಷಿಪಡುತ್ತಾಳೆ. ಅವಳ ತೊಂದರೆಯೇ ಅದು, ಎಲ್ಲಕ್ಕೂ ಖುಷಿಪಡುತ್ತಾಳೆ.

ಒಲೆ ಮೇಲೆ ಹಾಲಿಟ್ಟು ನಮ್ಮನೆಗೆ ಬಂದು ಇಪ್ಪತ್ತು ನಿಮಿಷ ಮಾತಾಡುತ್ತಾಳೆ. ಹಾಲು ಉಕ್ಕುವುದಿಲ್ಲ. ನಾನು ಪಾತ್ರೆಯ ಮುಂದೆಯೇ ಪಹರೆ ನಿಂತಿರುತ್ತೇನೆ. ಉಕ್ಕುತ್ತದೆ. ಇದನ್ನು ಯಾವ ವಿಜ್ಞಾನಿಯಾದರೂ ಬಂದು ನೋಡಬೇಕು.

ಲೈಸೆನ್ಸಿನ ವಿಷಯವನ್ನು ಅವಳಿಗೆ ಹೇಳಿದವಳೇ ನಾನು. ಇದು ನನ್ನ ದುಃಖದ ಬುಡ. ನಮ್ಮ ಮಸೀದಿ ಬೀದಿಯಲ್ಲಿ ರಂಜಾನ್ ತಿಂಗಳು ಪೂರ್ತಿ ಸಂಜೆ ಬಜಾರು ಕೂರುತ್ತದೆ. ಅಲ್ಲಿ ಒಂದು ಟೇಬಲ್ ಹಾಕಬೇಕು, ನನ್ನ ಗಂಜಿ ಮತ್ತು ಸಮೋಸ ಇಡಬೇಕು ಅನ್ನುವ ಆಸೆ ನನಗೆ ಹತ್ತು ವರ್ಷದಿಂದ ಇತ್ತು. ಪ್ರತಿ ವರ್ಷವೂ ಮುಂದಿನ ವರ್ಷ ಅಂದುಕೊಳ್ಳುತ್ತಿದ್ದೆ. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಗೋಡೆಯ ಮೇಲೆ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಈ ಕಡೆಯಿಂದ, ತಿಂಡಿ ಮಾರುವುದು ಈ ಕಾಲದಲ್ಲಿ ಎಷ್ಟು ಕಷ್ಟ ಅಂತ ವಿವರಿಸಿದೆ. ಫುಡ್ ಲೈಸೆನ್ಸು ಬೇಕು. ಅದಕ್ಕೆ ಅರ್ಜಿ. ಅರ್ಜಿಗೆ ಫೋಟೋ. ಡಾಕ್ಟರ ಸರ್ಟಿಫಿಕೇಟು. ಓನರ್ ಒಪ್ಪಿಗೆ ಪತ್ರ. ಆಮೇಲೆ ಸಾಹೇಬರು ಬಂದು ಅಡುಗೆಮನೆ ನೋಡುತ್ತಾರೆ.

“ಅಷ್ಟೇನಾ ಅಕ್ಕ?” ಅಂದಳು.

ನಾನು ಹೇಳಿದ್ದು ಆಪತ್ತುಗಳ ಪಟ್ಟಿ. ಅವಳು ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿ ಅಂದುಕೊಂಡು ಒಂದೊಂದಾಗಿ ಮುಗಿಸುತ್ತಾ ಹೋದಳು. ಮೂರು ವಾರದೊಳಗೆ ಒಂದು ಬೆಳಿಗ್ಗೆ, ಒದ್ದೆ ಕೂದಲಿಗೆ ಟವಲ್ ಸುತ್ತಿಕೊಂಡೇ ಓಡಿಬಂದಳು.

“ಅಕ್ಕಾ, ಬಂತು ಕಣಕ್ಕ!”

“ಏನೇ ಬಂತು?”

“ಲೈಸೆನ್ಸು! ನೀವ್ ಹೇಳಿದ್ರಲ್ಲ, ಹಂಗೇ ಮಾಡ್ದೆ.”

“ಡಾಕ್ಟ್ರು ಏನಂದ್ರು?”

“ಗಟ್ಟಿಮುಟ್ಟಾಗಿದೀಯ, ಹೋಗಮ್ಮ ಅಂದ್ರು.”

“ಓನರ್ ಸಹಿ?”

“ಕಾಫಿ ಕುಡೀತಾ ಹಾಕ್ಕೊಟ್ರು.”

“ಸಾಹೇಬ್ರು ಬಂದು ನೋಡ್ಬೇಕಲ್ಲ?”

“ಬಂದಿದ್ರಲ್ಲ! ಅವತ್ತು ನೀವು ಶೆಟ್ಟಿಹಳ್ಳಿಗೆ ಹೋಗಿದ್ರಿ, ಮಗಳ ಮನೇಗೆ.”

“ಒಳ್ಳೇದಾಯ್ತು ಕಣೇ” ಅಂದೆ. ನಗುವನ್ನು ಎಷ್ಟು ಹೊತ್ತು ಹಿಡಿದಿದ್ದೆನೆಂದರೆ ಸಂಜೆಯವರೆಗೂ ದವಡೆ ನೋಯುತ್ತಿತ್ತು.

ನಮ್ಮನೆಯವರಿಗೆ ಹೇಳಿಕೊಂಡೆ. ಅವರು ಊಟದ ತಟ್ಟೆಯಿಂದ ತಲೆಯೆತ್ತದೆ, “ಅವಳಿಗೆ ಲೈಸೆನ್ಸು ಬಂತು. ಅದರಲ್ಲಿ ನಿನಗೇನು ಕಷ್ಟ?” ಎಂದು ಕೇಳಿದರು. ಅವಳಿಗೆ ಒಂದಿಷ್ಟೂ ಕಷ್ಟ ಆಗಲಿಲ್ಲವಲ್ಲ, ಅದೇ ನನ್ನ ಕಷ್ಟ. ಆದರೆ ಇದನ್ನು ಗಂಡನಿಗೆ ಯಾವ ಭಾಷೆಯಲ್ಲಿ ಹೇಳುವುದು? ಮನೆಯೊಳಗೆ ನಮ್ಮದು ಉರ್ದು. ಚಿಂತೆಯೆಲ್ಲವನ್ನೂ ನಾನು ಉರ್ದುವಿನಲ್ಲೇ ಮಾಡುತ್ತೇನೆ, ಅಮ್ಮಿಯಿಂದ ಬಂದದ್ದು. ಹೊಟ್ಟೆಕಿಚ್ಚು ಮಾತ್ರ ಕನ್ನಡದಲ್ಲಿ ಬಂತು. ಅದು ಗೋಡೆಯಾಚೆಯಿಂದ ಬಂದದ್ದು.

ಅವಳು ಆ ಕಾಗದಕ್ಕೆ ಗಾಜಿನ ಫ್ರೇಮು ಹಾಕಿಸಿ ಹಾಲ್‌ನಲ್ಲಿ ಟಿವಿಯ ಮೇಲೆ ತೂಗುಹಾಕಿದಳು. ಬಾಗಿಲು ತೆರೆದಿದ್ದರೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಸ್ವಲ್ಪ ಕತ್ತು ಚಾಚಬೇಕು, ಅಷ್ಟೇ. ನಾನು ಚಾಚುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ ಚಾಚಿ, ಕತ್ತಿನ ನರ ಹಿಡಿದುಕೊಂಡು, ಮುಲಾಮು ತಿಕ್ಕಿಸಿಕೊಳ್ಳಲು ಅವಳನ್ನೇ ಕರೆದೆ. ತಿಕ್ಕಿದಳು. “ದಿಂಬು ಸರಿ ಇಲ್ಲ ಅಕ್ಕ ನಿಮ್ದು” ಅಂದಳು.

ಅವಳು ನಿಪ್ಪಟ್ಟು ಮತ್ತು ಕೊಬ್ಬರಿ ಮಿಠಾಯಿ ಮಾಡಿ ಗುಬ್ಬಿ ಸಂತೆಗೆ ಹೋಗತೊಡಗಿದಳು. ಆಮೇಲೆ ಕುಣಿಗಲ್ಲಿಗೂ. ಕುಣಿಗಲ್ಲು ನನ್ನ ತವರು. ಅಲ್ಲಿ ನಮ್ಮಣ್ಣನ ಹೆಂಡತಿ, ನಮ್ಮ ಭಾಬಿ ಇದ್ದಾರೆ. ಮೂವತ್ತು ವರ್ಷದಿಂದ ನನ್ನ ಕೈ ಅಡುಗೆ ತಿಂದಿದ್ದಾರೆ. ಬಾಯಿ ಒರೆಸಿಕೊಂಡು ಏಳುವುದೇ ಅವರ ಹೊಗಳಿಕೆ. ಅಂಥವರು ಒಂದು ದಿನ ತಾವಾಗಿಯೇ ಫೋನು ಮಾಡಿದರು. ಯಾರಿಗೋ ಏನೋ ಆಗಿದೆ ಅಂತಲೇ ಫೋನು ಎತ್ತಿದೆ.

“ಸಂತೇಲಿ ಒಬ್ಬಳು ನಿಪ್ಪಟ್ಟು ಮಾರ್ತಿದ್ಲು. ಮಾತಾಡಿಸ್ತಾ ಬಟವಾಡಿ ಅಂದ್ಲು. ನಿನ್ನ ಪಕ್ಕದ ಮನೆಯೋಳಂತಲ್ಲ!”

“ಹೌದು ಭಾಬಿ.”

“ಏನು ಕೈ ಅವಳದು! ಬಾಯಲ್ಲಿಟ್ರೆ ಕರಗುತ್ತೆ. ನಿನ್ನ ಹೆಸರು ಹೇಳಿದ್ದಕ್ಕೆ ಮೇಲೆ ನಾಲ್ಕು ಹಾಕಿದ್ಲು.”

ನಾನು ಹುಟ್ಟಿ ಬೆಳೆದ ಊರಿನಲ್ಲಿ, ನನ್ನ ಹೆಸರಿಗೆ, ಅವಳ ನಾಲ್ಕು ನಿಪ್ಪಟ್ಟು ಸಿಕ್ಕಿದವು. ಫೋನು ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ, ಫೋಟೋ ಸ್ಟುಡಿಯೋಗೆ ಹೋಗಿ ಎರಡೂ ಕಿವಿ ಕಾಣುವ ಹಾಗೆ ಫೋಟೋ ತೆಗೆಸಿಕೊಂಡದ್ದು.

ಕಾಲವೂ ಕೂಡಿಬಂದಿತ್ತು, ಅಥವಾ ಕುತ್ತಿಗೆಗೆ ಬಂದಿತ್ತು. ಸಂಜೆ ಬಜಾರಿನ ಟೇಬಲ್ಲುಗಳನ್ನು ಹಂಚುವ ಹಿರಿಯರೊಬ್ಬರು ಬೀದಿಯಲ್ಲಿ ನಮ್ಮನೆಯವರನ್ನು ನಿಲ್ಲಿಸಿ, “ಈ ಸಲ ಕಾಗದ ಇದ್ದೋರಿಗೆ ಮಾತ್ರ ಜಾಗ. ಆಮೇಲೆ ನನ್ನನ್ನ ಕೇಳ್ಬೇಡಿ” ಅಂದಿದ್ದರು. ರಂಜಾನ್ ಚಂದ್ರ ಕಾಣುವುದಕ್ಕೆ ಆರು ವಾರ ಇತ್ತು. ಆರು ವಾರದಲ್ಲಿ ಕಾಗದ ಕೈಗೆ ಬಂದರೆ ಟೇಬಲ್ಲು, ಬರದಿದ್ದರೆ ಹನ್ನೊಂದನೆಯ ಸಲ ಮುಂದಿನ ವರ್ಷ. ಆ ಹನ್ನೊಂದನೆಯ ಮುಂದಿನ ವರ್ಷವನ್ನು ಅವಳ ಫ್ರೇಮಿನ ಎದುರು ಕಳೆಯುವ ಶಕ್ತಿ ನನಗಿರಲಿಲ್ಲ.

ಇಲ್ಲಿ ಗಂಜಿಯ ವಿಷಯ ಒಂದಿಷ್ಟು ಹೇಳಬೇಕು. ಉಪವಾಸ ಬಿಡುವ ಹೊತ್ತಿಗೆ ಕುಡಿಯುವ ಗಂಜಿ: ನುಚ್ಚಕ್ಕಿ, ಹೆಸರುಬೇಳೆ, ಶುಂಠಿ ಬೆಳ್ಳುಳ್ಳಿ, ಪುದೀನ, ಕೊನೆಗೆ ಒಂದಿಷ್ಟು ಖೀಮಾ. ಮಾಡುವವಳಿಗೂ ಉಪವಾಸ, ರುಚಿ ನೋಡುವ ಹಾಗಿಲ್ಲ. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ತಪ್ಪಿಲ್ಲ ಅನ್ನುವವರೂ ಇದ್ದಾರೆ. ನಾನು ಒಮ್ಮೆ ಹಾಗೆ ಮಾಡಿ, ಒಂದು ಹನಿ ಗಂಟಲಿಗೆ ಇಳಿಯಿತೋ ಏನೋ ಅಂತ ಮುಂದಿನ ಈದ್‌ವರೆಗೂ ಒದ್ದಾಡಿದ್ದೆ. ಅವಳು ಪಕ್ಕಕ್ಕೆ ಬಂದ ಮೊದಲ ವರ್ಷ, ನಾನು ಸೌಟು ಹಿಡಿದು ಮುಖ ಬಾಡಿಸಿಕೊಂಡು ನಿಂತಿದ್ದನ್ನು ಗೋಡೆಯಾಚೆಯಿಂದ ನೋಡಿ, “ಉಪ್ಪು ತಾನೇ ಅಕ್ಕ, ಇಲ್ಲಿ ಕೊಡಿ” ಅಂತ ಅಂಗೈ ಚಾಚಿದಳು. ಅಂದಿನಿಂದ ಅದೇ ಪದ್ಧತಿ. ನಾನು ಅರ್ಧ ಉಪ್ಪು ಹಾಕಿ ನಿಲ್ಲಿಸುತ್ತೇನೆ. ಸೌಟು ಗೋಡೆ ದಾಟುತ್ತದೆ. “ಇನ್ನೊಂಚೂರು ಬೀಳ್ಲಿ ಅಕ್ಕ” ಅನ್ನುತ್ತಾಳೆ. ಇನ್ನೊಂಚೂರು ಬೀಳುತ್ತದೆ. ಸೋಮವಾರ, ಶನಿವಾರ ಅವಳಿಗೆ ವಾರ, ಮಾಂಸ ಮುಟ್ಟುವುದಿಲ್ಲ. ಆ ದಿನಗಳಲ್ಲಿ ಖೀಮಾ ಹಾಕುವ ಮೊದಲೇ ಅವಳ ಸೌಟನ್ನು ತೆಗೆದಿಡುತ್ತೇನೆ. ಆರು ವರ್ಷ ನಮ್ಮ ಮನೆಯ ಇಫ್ತಾರಿನ ಉಪ್ಪು ಚೇಳೂರಿನ ನಾಲಿಗೆಯಿಂದ ಪಾಸಾಗಿದೆ.

ಅಂಥವಳಿಗೆ ಹೇಳದೆ ನಾನು ಅರ್ಜಿ ಹಾಕಲು ಹೊರಟೆ. ನಮ್ಮ ಬೀದಿಯ ಸೈಬರ್‌ಗೆ ಹೋಗುವಂತಿರಲಿಲ್ಲ. ಅವಳ ಅರ್ಜಿ ಹಾಕಿಕೊಟ್ಟವನು ಅಲ್ಲಿನ ಹುಡುಗನೇ, ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ನನ್ನ ಅರ್ಜಿ ತಿರಸ್ಕಾರವಾದರೆ ಅದನ್ನು ಅವಳು ತಿಳಿಯಬಾರದು, ಮಂಜೂರಾದರೆ ಅವಳು ತಟಕ್ಕನೆ ತಿಳಿಯಬೇಕು. ಎಲ್ಲಿಂದ ಹಾಕಿದರೂ ಅರ್ಜಿ ಒಂದೇ ಕಡೆ ಹೋಗುತ್ತದೆ ಅಂತ ಅಳಿಯ ಹೇಳಿದ್ದ. ಹಾಗಾಗಿ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ಒಂದು ಅರ್ಜಿ ಹಾಕುವುದಕ್ಕೆ, ತುಮಕೂರು ಸಿಟಿಯನ್ನೇ ಬಿಟ್ಟು ಗುಬ್ಬಿ ಬಸ್ಸು ಹತ್ತಿದೆ.

ಗುಬ್ಬಿಯ ಸೈಬರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ವಿಳಾಸ ಓದಿ ನನ್ನ ಮುಖ ನೋಡಿದಳು.

“ಬಟವಾಡಿಯಿಂದ ಇಲ್ಲಿಗ್ ಬಂದ್ರಾ ಅಮ್ಮ? ಅಲ್ಲಿ ಸೈಬರ್ ಇಲ್ವಾ?”

“ಕರೆಂಟ್ ಇರ್ಲಿಲ್ಲ.”

“ಊರಿಗೆಲ್ಲಾ?”

ನಾನು ಕೆಮ್ಮಿದೆ. ಅವಳು ಟೈಪ್ ಮಾಡುತ್ತಾ, “ನಿಮ್ಮಂಥ ಚಿಕ್ಕ ವ್ಯಾಪಾರಕ್ಕೆ ಲೈಸೆನ್ಸ್ ಅಂತ ಬರಲ್ಲಮ್ಮ, ರಿಜಿಸ್ಟ್ರೇಷನ್ ಅಷ್ಟೇ” ಅಂದಳು. ನನ್ನ ಬೆನ್ನು ನೆಟ್ಟಗಾಯಿತು.

“ಪಕ್ಕದ ಮನೆಯೋಳಿಗೆ ಲೈಸೆನ್ಸ್ ಬಂದಿದೆಯಲ್ಲಮ್ಮ?”

“ಅವ್ರದ್ದೂ ರಿಜಿಸ್ಟ್ರೇಷನ್ನೇ ಇರತ್ತೆ. ಎಲ್ರೂ ಲೈಸೆನ್ಸ್ ಅಂತಾರೆ.”

“ಎರಡೂ ಒಂದೇ ತಾನೇ? ಅವಳದು ಒಂದು ಕೈ ಮೇಲೆ ಅಂತೇನಿಲ್ಲ?”

“ಅಮ್ಮ, ಓಟಿಪಿ ಹೇಳಿ.”

ನಮ್ಮನೆಯವರ ಫೋನಿಗೆ ಚಾರ್ಜು ಇತ್ತು. ಹಿಂದೆ ಹೊಲಿಗೆ ಮಿಷನ್ನು ಗಡಗಡ ಅನ್ನುತ್ತಿದ್ದರೂ ಅವರು ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿದರು. ಅರ್ಜಿ ಹೋಯಿತು. ಒಂದೂ ತಕರಾರಿಲ್ಲದೆ ಹೋಯಿತು ಅನ್ನುವುದೇ ನನಗೆ ಅನುಮಾನಕ್ಕೆ ಕಾರಣವಾಗಿ, ಸರಿಯಾಗಿ ಹೋಯಿತಾ ಅಂತ ಮೂರು ಸಲ ಕೇಳಿ ಹೊರಬಿದ್ದೆ.

ಹೊರಗೆ ರಸ್ತೆ ತುಂಬ ಜನ. ಆಗ ಹೊಳೆಯಿತು. ಬೆಕ್ಕಿನಿಂದ ಹಿಡಿದು ಗಾಳಿಯವರೆಗೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡವಳು, ಗುಬ್ಬಿಯಲ್ಲಿ ಅಂದು ಸಂತೆ ಅನ್ನುವುದನ್ನು ಮರೆತಿದ್ದೆ.

ನೇರ ಬಸ್ ಸ್ಟಾಂಡಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕಾಲುಗಳೇ ಸಂತೆಯ ಕಡೆ ನಡೆದವು. ಪ್ಲಾಸ್ಟಿಕ್ ಕೊಡಗಳ ರಾಶಿಯ ಹಿಂದೆ ನಿಂತು ನೋಡಿದೆ. ಅವಳ ಛತ್ರಿ, ಅವಳ ಎರಡು ಗಾಜಿನ ಡಬ್ಬ, ಛತ್ರಿಯ ಕೋಲಿಗೆ ಕಟ್ಟಿದ ಅದೇ ಫ್ರೇಮು. ಮನೆಯಿಂದ ಬಿಚ್ಚಿಕೊಂಡು ಬರುತ್ತಾಳೆ, ಸಂಜೆ ಮತ್ತೆ ತೂಗುಹಾಕುತ್ತಾಳೆ. ಎಷ್ಟು ಜನ ನಿಂತರು ಅಂತ ನಾನು ಎಣಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಬ್ಬ ಹೆಂಗಸು ಕೊಳ್ಳದೆ ಮುಂದೆ ಹೋದಾಗ ನನಗೆ ಹಿತವಾಯಿತು. ಆ ಹೆಂಗಸು ಎರಡು ಹೆಜ್ಜೆ ಹೋಗಿ, ತಿರುಗಿ ಬಂದು, ಎರಡು ಪೊಟ್ಟಣ ಕಟ್ಟಿಸಿಕೊಂಡಳು.

“ಅಕ್ಕಾ! ಅಕ್ಕೋ! ಕೊಡದ್ ಹಿಂದೆ! ಇಲ್ಲಿ!”

ಸಂತೆಯೇ ತಿರುಗಿ ನನ್ನನ್ನು ನೋಡಿತು. ಕವರನ್ನು ದುಪಟ್ಟಾದೊಳಗೆ ಸೇರಿಸಿಕೊಂಡು ಹೋದೆ.

“ನನ್ನ ಅಂಗ್ಡಿ ನೋಡಕ್ಕೇಂತ ಬಂದ್ರಾ?”

“ಹೂಂ ಕಣೇ. ಹೆಂಗ್ ನಡೀತಿದೆ ನೋಡೋಣ ಅಂತ.”

“ಅಷ್ಟು ದೂರದಿಂದ!” ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಸೆರಗಿನಿಂದ ಒತ್ತಿಕೊಂಡು, ಎದುರಿಗೆ ನಿಂತಿದ್ದ ಗಿರಾಕಿಗೆ ಹೇಳಿದಳು: “ಇವ್ರೇ ನಮ್ಮಕ್ಕ. ಲೈಸೆನ್ಸ್ ಮಾಡ್ಸು ಅಂತ ದಾರಿ ತೋರ್ಸಿದ್ದೇ ಇವ್ರು.”

ತಗಡಿನ ಡಬ್ಬ ಬೋರಲು ಹಾಕಿ ನನ್ನನ್ನು ಕೂರಿಸಿದಳು. ಕೈಗೆ ಒಂದು ನಿಪ್ಪಟ್ಟು ಕೊಟ್ಟಳು. ಅದು ಚೆನ್ನಾಗಿತ್ತು. ಸ್ವಲ್ಪವಾದರೂ ಮೆತ್ತಗಿರಲಿ, ಒಂದು ಅಂಚಾದರೂ ಸೀದಿರಲಿ ಅಂತ ತಿರುಗಿಸಿ ತಿರುಗಿಸಿ ನೋಡಿ ತಿಂದೆ. ಎಲ್ಲ ಅಂಚೂ ಚೆನ್ನಾಗಿತ್ತು. ವಾಪಸ್ಸು ಒಂದೇ ಬಸ್ಸಿನಲ್ಲಿ ಬಂದೆವು. ಖಾಲಿ ಡಬ್ಬಗಳನ್ನು ನನ್ನ ಕಾಲ ಬಳಿ ಇಟ್ಟು, ನನ್ನ ಭುಜದ ಮೇಲೆ ತಲೆಯಿಟ್ಟು ಅವಳು ಬಟವಾಡಿಯವರೆಗೂ ನಿದ್ದೆ ಮಾಡಿದಳು. ದುಪಟ್ಟಾದೊಳಗೆ ನನ್ನ ಅರ್ಜಿಯ ರಶೀದಿ ಇತ್ತು. ಅವಳು ಒರಗಿದಾಗಲೆಲ್ಲ ಕವರು ಚರಚರ ಅನ್ನುತ್ತಿತ್ತು.

ಗುಬ್ಬಿಗೆ ಹೋಗುವ ಮೊದಲೇ ಡಾಕ್ಟರು ನೋಡಿದ್ದರು. ರಕ್ತದಲ್ಲಿ ಏನೂ ಇರಲಿಲ್ಲ. ಓನರ್ ಸಹಿಯನ್ನೂ ಹಾಕಿದ್ದರು. ನಾನು ಕಾಫಿಯ ಜೊತೆ ಸಮೋಸವನ್ನೂ ಇಟ್ಟಿದ್ದೆ. ಅವಳು ಬರೀ ಕಾಫಿ ಇಟ್ಟಿದ್ದಳು ಅನ್ನುವುದು ನನಗೆ ಗೊತ್ತಿತ್ತು. ಸಾಹೇಬರು ಬರುವ ಮೊದಲು ಮೂರು ದಿನ ಅಡುಗೆಮನೆಯನ್ನು ಉಜ್ಜಿದೆ. ಗ್ಯಾಸ್ ಸಿಲಿಂಡರನ್ನೂ ಸೋಪು ಹಾಕಿ ತೊಳೆದೆ. ಮೂರನೆಯ ದಿನ ನಾನು ಗೋಡೆ ಒರೆಸದೆ ಸುಮ್ಮನೆ ಕೂತದ್ದನ್ನು ನೋಡಿ ನಮ್ಮನೆಯವರು, “ನೀನು ಚಿಂತೆ ಮಾಡ್ತಿಲ್ಲ ಅಂದ್ರೆ ನನಗೆ ಚಿಂತೆ ಆಗುತ್ತೆ” ಅಂದರು.

ಸಾಹೇಬರು ಬಂದ ದಿನ ಅವಳು ಕುಣಿಗಲ್ಲಿಗೆ ಹೋಗಿದ್ದಳು. ಬೆಕ್ಕೂ ಎಲ್ಲಿಗೋ ಹೋಗಿತ್ತು. ಅವರು ನೀರಿನ ಡ್ರಮ್ಮಿನ ಮುಚ್ಚಳ ಎತ್ತಿ ನೋಡಿದರು, ಹಿಟ್ಟಿನ ಡಬ್ಬ ನೋಡಿದರು, ಸಿಂಕಿನ ಕೆಳಗೆ ಬಗ್ಗಿ ನೋಡಿದರು. ಐದು ನಿಮಿಷ. ನಾನು ಇಷ್ಟು ದಿನ ಹೆದರಿದ್ದು ಈ ಐದು ನಿಮಿಷಕ್ಕೆ.

“ಚೆನ್ನಾಗಿಟ್ಕಂಡಿದೀರಮ್ಮ” ಅಂದರು. ನನ್ನ ಮುಖ ಅರಳಿತು. “ಪಕ್ಕದ್ಮನೆಯೋರ್ದೂ ನಾನೇ ನೋಡಿದ್ದು. ಅವ್ರೂ ಹಿಂಗೇ ಇಟ್ಕಂಡಿದ್ರು.”

ಮೂರು ದಿನ ಉಜ್ಜಿದ್ದಕ್ಕೆ ಹಿಂಗೇ. ಅವಳು ಬೆಳಿಗ್ಗೆ ಎದ್ದು ಒಂದು ಸಲ ಗುಡಿಸಿರುತ್ತಾಳೆ, ಅದಕ್ಕೂ ಹಿಂಗೇ. ಅವರು ಹೋದ ಮೇಲೆ ಸಿಂಕಿನ ಕೆಳಗೆ ನಾನೂ ಬಗ್ಗಿ ನೋಡಿದೆ, ಏನಾದರೂ ಹೆಚ್ಚಿನದು ಅವರ ಕಣ್ಣಿಗೆ ಬೀಳದೆ ಹೋಯಿತೇನೋ ಅಂತ.

ಕಾಗದ ಬಂತು. ಚಂದ್ರ ಕಾಣುವುದಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಹಿರಿಯರ ಕೈಗೆ ಜೆರಾಕ್ಸ್ ಕೊಟ್ಟದ್ದಾಯಿತು, ಟೇಬಲ್ಲು ಗೊತ್ತಾಯಿತು. ಚರಂಡಿಯಿಂದ ದೂರ, ಬೀದಿ ದೀಪದ ಕೆಳಗೆ. ಅವಳು ಹಾಕಿಸಿದ ಅಂಗಡಿಯಲ್ಲೇ ಫ್ರೇಮು ಹಾಕಿಸಲು ಹೋದೆ. “ಹೋದ್ಸಲ ನಿಮ್ಮ ಪಕ್ಕದವ್ರು ಹಾಕ್ಸಿದ್ರಲ್ಲ, ಅದೇ ಸೈಜಾ?” ಅಂದ ಅಂಗಡಿಯವನು. ಒಂದಿಂಚು ದೊಡ್ಡದು ಅಂದೆ.

ಮರುದಿನ ಅವಳು ಕರಿಬೇವು ಕೇಳಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾ! ಇದ್ಯಾವಾಗ?”

“ಮೊನ್ನೆ ಬಂತು.”

“ಹೇಳ್ಲೇ ಇಲ್ವಲ್ಲ.”

ಅಷ್ಟೇ ಅಂದದ್ದು. ಆ ಒಂದು ಗಳಿಗೆ, ಆರು ವರ್ಷದಲ್ಲಿ ಮೊದಲ ಸಲ, ಅವಳ ಮುಖದಲ್ಲಿ ಖುಷಿ ಇರಲಿಲ್ಲ. ಗೆದ್ದೆ ಅಂದುಕೊಳ್ಳಬೇಕು ಅನ್ನುವಷ್ಟರಲ್ಲಿ ಅದು ವಾಪಸ್ಸು ಬಂತು. ಹತ್ತಿರ ಹೋಗಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. “ನನ್ ಫೋಟೋಗಿಂತ ನಿಮ್ದು ಚೆನ್ನಾಗ್ ಬಂದೈತೆ ಅಕ್ಕ. ಫ್ರೇಮೂ ದೊಡ್ಡದಾಗೈತೆ.” ಯಾವ ಮಾತಿಗಾಗಿ ಒಂದು ತಿಂಗಳು ಓಡಾಡಿದ್ದೆನೋ ಆ ಮಾತನ್ನು ಅವಳು ಕರಿಬೇವು ಕಿತ್ತುಕೊಳ್ಳುತ್ತಾ ಕೊಟ್ಟು ಹೋದಳು. ನನಗೆ ಏನೂ ಸಿಕ್ಕ ಹಾಗೆ ಆಗಲಿಲ್ಲ.

ಮೊದಲ ಉಪವಾಸದ ದಿನ. ನಮ್ಮನೆಯವರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದರು. ಸಮೋಸದ ಖೀಮಾ ಹಿಂದಿನ ದಿನವೇ ಹುರಿದು ತಯಾರಾಗಿತ್ತು. ಗಂಜಿಗೆ ದೊಡ್ಡ ದೇಗ್ಚಿ ಹಿತ್ತಿಲಲ್ಲಿ ಒಲೆ ಹೂಡಿ ಇಟ್ಟಿದ್ದೆ. ನುಚ್ಚು ಬೆಂದು, ಬೇಳೆ ಕರಗಿ, ಪುದೀನದ ವಾಸನೆ ಕಾಂಪೌಂಡು ತುಂಬಿತು. ಗೋಡೆಯಾಚೆ ಬಳೆ ಸದ್ದಾಯಿತು.

“ಅಕ್ಕಾ, ಉಪ್ಪು ನೋಡ್ಲಾ? ಇವತ್ತು ವಾರ ಇಲ್ಲ ನಂಗೆ.”

ನನ್ನ ಕೈಯಲ್ಲಿ ಸೌಟಿತ್ತು. ಎರಡು ಹೆಜ್ಜೆ ಹೋಗಿ ಚಾಚಿದ್ದರೆ ಮುಗಿದಿತ್ತು. ಆದರೆ ನಾಳೆ ಯಾರಾದರೂ ಗಂಜಿ ಚೆನ್ನಾಗಿದೆ ಅಂದರೆ, ಅದರಲ್ಲಿ ಒಂದು ಪಾಲು ಅವಳದಾಗುತ್ತದೆ. ಗುಬ್ಬಿಯಲ್ಲಿ ಆಯಿತು, ಕುಣಿಗಲ್ಲಿನಲ್ಲಿ ಆಯಿತು. ಈ ಒಂದು ಟೇಬಲ್ಲು, ಈ ಒಂದು ದೇಗ್ಚಿ, ಪೂರ್ತಿ ನನ್ನದೇ ಆಗಿರಲಿ ಅನ್ನಿಸಿತು.

“ಬೇಡ ಕಣೇ. ಸರಿಯಾಗಿದೆ.”

“ಯಾರ್ ನೋಡಿದ್ರು?”

“ಯಾರೂ ನೋಡ್ಬೇಕಾಗಿಲ್ಲ. ಇಷ್ಟು ವರ್ಷ ಮಾಡಿದೀನಿ, ಅಂದಾಜಿಲ್ವಾ?”

“ಸರಿ ಬುಡಿ ಅಕ್ಕ” ಅಂದಳು. ಗೋಡೆಯ ಮೇಲಿದ್ದ ಎರಡು ಒಣ ಎಲೆಗಳನ್ನು ಕೈಯಿಂದ ಸವರಿ ಕೆಳಗೆ ಹಾಕಿ, ಒಳಗೆ ಹೋದಳು.

ಆಟೋ ಹೇಳಿದ ಹೊತ್ತಿಗೆ ಬಂತು. ದೇಗ್ಚಿ ತುಳುಕಲಿಲ್ಲ. ಗಾಳಿ ಬೀಸಲಿಲ್ಲ. ನಾನು ಕ್ಯಾಲೆಂಡರಿನ ಹಾಳೆಯನ್ನು ಜೊತೆಗೇ ಒಯ್ದಿದ್ದೆ; ಒಂದೊಂದು ಆಪತ್ತು ತಪ್ಪಿದಂತೆಲ್ಲ ಪೆನ್ನಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಫ್ರೇಮನ್ನು ಎರಡು ಸ್ಟೀಲ್ ಲೋಟಗಳ ಆಸರೆ ಕೊಟ್ಟು ಟೇಬಲ್ಲಿನ ಮುಂದೆಯೇ ನಿಲ್ಲಿಸಿದೆ. ಒಬ್ಬರೂ ಅದರ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ಸಮೋಸದ ಮೇಲೆ. ಎಣ್ಣೆ ಸಿಡಿಯಲಿಲ್ಲ. ಜನ ಕ್ಯಾರಿಯರು, ಮುಚ್ಚಳದ ಪಾತ್ರೆ ಹಿಡಿದು ಬಂದರು, ಗಂಜಿ ತುಂಬಿಸಿಕೊಂಡು ಮನೆಗೆ ಹೋದರು. ಕೆಲವರು ಅಲ್ಲೇ ಉಪವಾಸ ಬಿಡುತ್ತೇವೆ ಅಂತ ಕಪ್ಪಿಗೆ ಹಾಕಿಸಿಕೊಂಡು ಟೇಬಲ್ಲಿನ ಸುತ್ತ ನಿಂತರು. ಸಾಲದೆ ಬರಲಿಲ್ಲ, ಮಿಕ್ಕಿ ಚೆಲ್ಲುವಷ್ಟು ಉಳಿಯಲೂ ಇಲ್ಲ. ಹಾಳೆಯ ಕೊನೆಯ ಸಾಲಿಗೂ ಗೆರೆ ಎಳೆದೆ. ಜೀವಮಾನದಲ್ಲಿ ಮೊದಲ ಸಲ ನನಗೆ ಚಿಂತಿಸಲು ಏನೂ ಉಳಿದಿರಲಿಲ್ಲ.

ಅವಳು ಬಂದಳು. ಹಬ್ಬಕ್ಕೆ ಉಡುವ ಸೀರೆ, ತಲೆತುಂಬ ಮಲ್ಲಿಗೆ, ಹಿಂದೆ ಗಂಡ. ಸಾಲಿನಲ್ಲಿ ನಿಂತೇ ಬಂದಳು. ಮುಂದೆ ಹಿಂದೆ ನಿಂತವರಿಗೆಲ್ಲ, “ನಮ್ಮಕ್ಕಂದೇ ಇದು” ಅನ್ನುತ್ತಿದ್ದದ್ದು ನನಗೆ ಕೇಳುತ್ತಿತ್ತು. ಇಲ್ಲೂ ಒಂದು ಪಾಲು ತೆಗೆದುಕೊಂಡಳಲ್ಲ ಅಂದುಕೊಂಡೆ. ಕಪ್ಪಿಗೆ ಗಂಜಿ ಹಾಕಿ ಕೊಟ್ಟೆ. ಅವಳಿಗೇನು ಉಪವಾಸವಿಲ್ಲ, ಆಗಲೇ ಕುಡಿಯಬಹುದಿತ್ತು. ಕುಡಿಯಲಿಲ್ಲ. ಎಲ್ಲರ ಜೊತೆ ಕಪ್ಪು ಹಿಡಿದು ಕಾದು ನಿಂತಳು. ಅವಳ ಗಂಡನೂ ನಿಂತ.

ಅಜಾನ್ ಆಯಿತು. ಖರ್ಜೂರ ಬಾಯಿಗೆ ಹೋಯಿತು, ನೀರು ಹೋಯಿತು. ಆಮೇಲೆ ಗಂಜಿ. ನಾನು ಇನ್ನೂ ಖರ್ಜೂರದ ಬೀಜ ಕೈಯಲ್ಲಿ ಹಿಡಿದು ಎಲ್ಲರ ಮುಖ ನೋಡುತ್ತಿದ್ದೆ. ನಮ್ಮನೆಯವರು ಒಂದು ಗುಟುಕು ಕುಡಿದು ಕಪ್ಪಿನೊಳಗೆ ನೋಡಿದರು. ಟೇಬಲ್ಲು ಹಂಚಿದ ಹಿರಿಯರು ಒಂದು ಗುಟುಕು ಕುಡಿದು ಬೀದಿ ದೀಪವನ್ನು ನೋಡಿದರು. ಸಮೋಸಗಳು ಬೇಗ ಬೇಗ ಖಾಲಿಯಾದವು.

ಅವಳು ಮಾತ್ರ ಕೊನೆಯ ಹನಿಯವರೆಗೂ ಕುಡಿದಳು. ಕಪ್ಪನ್ನು ಬುಟ್ಟಿಗೆ ಹಾಕಿ, ಫ್ರೇಮಿಗೆ ತಾಗದ ಹಾಗೆ ಟೇಬಲ್ಲಿನ ಮೇಲೆ ಬಗ್ಗಿ, ನನ್ನ ಕಿವಿಯ ಹತ್ತಿರ ಬಂದಳು.

“ಅಕ್ಕಾ, ಉಪ್ಪು ಏನಾದ್ರೂ ತಂದಿದೀರಾ?”

ಟೇಬಲ್ಲಿನ ಕೆಳಗಿನ ಚೀಲದಲ್ಲಿ ಎರಡು ಬೆಂಕಿಪೊಟ್ಟಣ, ಒಂದು ಟಾರ್ಚು, ಛತ್ರಿಗೆ ಕಟ್ಟಲು ಹೆಚ್ಚಿನ ಹಗ್ಗ, ಸುಟ್ಟಗಾಯದ ಮುಲಾಮು ಮತ್ತು ಲೈಸೆನ್ಸಿನ ಮೂರು ಜೆರಾಕ್ಸ್ ಇದ್ದವು. ನಾನು ಕಪ್ಪು ಎತ್ತಿ ಒಂದು ಗುಟುಕು ಕುಡಿದೆ. ಆರು ವರ್ಷದ ರೂಢಿಗೆ ನನ್ನ ಕೈ ಅರ್ಧಕ್ಕೇ ನಿಂತಿತ್ತು. ಗಂಜಿಗೆ ಉಪ್ಪು ಕಮ್ಮಿಯಾಗಿತ್ತು.